ಮಾತು ಬರಲಿ ಎಂದು ಕಾಯಬೇಡಿ, ಮಗುವನ್ನು ತಂಡಕ್ಕೆ ತೋರಿಸಿ

ನಿಮ್ಮ ಮಗುವಿಗೆ ಎರಡು ವರ್ಷ ತುಂಬಿದೆ ಎಂದಿಟ್ಟುಕೊಳ್ಳಿ. ಓಡಾಡುತ್ತದೆ, ಚೆನ್ನಾಗಿ ಉಣ್ಣುತ್ತದೆ, ಮೊಬೈಲ್‌ನಲ್ಲಿ ತನಗೆ ಬೇಕಾದ ವೀಡಿಯೊವನ್ನು ತಾನೇ ಹುಡುಕಿ ತೆಗೆಯುತ್ತದೆ. ಆದರೆ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಈಗ ನೀವು ಯಾರನ್ನು ಕೇಳುತ್ತೀರಿ?

ನಮ್ಮಲ್ಲಿ ಹೆಚ್ಚಿನವರು ಮೊದಲು ಮನೆಯ ಹಿರಿಯರನ್ನು ಕೇಳುತ್ತಾರೆ. "ಇವನ ತಂದೆ ಮಾತಾಡಿದ್ದೂ ನಾಲ್ಕು ವರ್ಷಕ್ಕೇ" ಎಂಬ ಉತ್ತರ ಬರುತ್ತದೆ. ನೆರೆಮನೆಯಾಕೆ, "ಗಂಡು ಮಕ್ಕಳು ಹಾಗೆಯೇ, ತಡ" ಎನ್ನುತ್ತಾರೆ. ಗಲ್ಫ್‌ನಲ್ಲಿರುವ ಗಂಡ ಫೋನಿನಲ್ಲಿ, "ನಾನು ರಜೆಯಲ್ಲಿ ಬಂದಾಗ ನೋಡೋಣ" ಎನ್ನುತ್ತಾರೆ. ಸಂಬಂಧಿಕರೊಬ್ಬರು ಊದಿದ ನೀರು ತಂದುಕೊಡುತ್ತಾರೆ. ಇವರಲ್ಲಿ ಯಾರೂ ಮಗುವಿನ ಕೆಡುಕು ಬಯಸಿದವರಲ್ಲ. ಆದರೆ ಈ ಎಲ್ಲ ಸಮಾಧಾನಗಳ ನಡುವೆ ಒಂದೂವರೆ ವರ್ಷ, ಎರಡು ವರ್ಷ ಕಳೆದುಹೋಗುತ್ತದೆ. ಆ ಎರಡು ವರ್ಷ ಮಗುವಿಗೆ ಮತ್ತೆ ಸಿಗುವುದಿಲ್ಲ.

ಇದನ್ನು ಇತರರ ಮೇಲೆ ಬೆರಳು ತೋರಿಸಲು ಬರೆಯುತ್ತಿಲ್ಲ. ನಾನೂ ಹಾಗೆ ಸಮಾಧಾನ ಹೇಳಿದವಳು. ನನ್ನ ತಂಗಿಯ ಮಗನಿಗೆ ಎರಡೂವರೆ ವರ್ಷವಾಗಿದ್ದಾಗ ಅವನು ಬಾಂಗನ್ನು ಮೊದಲಿನಿಂದ ಕೊನೆಯವರೆಗೆ, ಮಸೀದಿಯ ಮೈಕಿನಲ್ಲಿ ಕೇಳಿಬರುವ ಅದೇ ರಾಗದಲ್ಲಿ ಹೇಳುತ್ತಿದ್ದ. ಮನೆಗೆ ಬಂದವರೆಲ್ಲ ಅವನಿಂದ ಅದನ್ನು ಹೇಳಿಸಿ ಸಂತೋಷಪಡುತ್ತಿದ್ದೆವು. ಅದೇ ಮಗುವಿಗೆ "ನೀರು ಬೇಕು" ಎನ್ನಲು ಬರುತ್ತಿರಲಿಲ್ಲ. ಬಾಯಾರಿದರೆ ತಾಯಿಯ ಕೈಯನ್ನು ಹಿಡಿದೆಳೆದು ಕೊಡದ ಬಳಿ ಒಯ್ಯುತ್ತಿದ್ದ. ಮುಖ ನೋಡುತ್ತಿರಲಿಲ್ಲ, ಬೆರಳು ಮಾಡಿ ತೋರಿಸುತ್ತಿರಲಿಲ್ಲ. ತಂಗಿಗೆ ಒಳಗೊಳಗೇ ಭಯವಿತ್ತು. "ಇಷ್ಟು ನೆನಪಿನ ಶಕ್ತಿಯಿರುವ ಮಗುವಿಗೆ ಏನಾಗಿದೆ? ಸುಮ್ಮನಿರು" ಎಂದು ಅವಳನ್ನು ಗದರಿಸಿದವಳು ನಾನು. ಆಗ ತೋರಿಸಿದ ವೈದ್ಯರೊಬ್ಬರೂ ಎರಡು ನಿಮಿಷ ನೋಡಿ, ಶಾಲೆಗೆ ಹಾಕಿದರೆ ಸರಿಹೋಗುತ್ತದೆ ಎಂದು ಕಳುಹಿಸಿದರು. ಕೊನೆಗೆ ಅವನ ಸರಿಯಾದ ತಪಾಸಣೆ ನಡೆದದ್ದು ನಾಲ್ಕೂವರೆ ವರ್ಷಕ್ಕೆ. ತಾಯಿಯ ಭಯ ಸರಿಯಾಗಿತ್ತು. ನಮ್ಮೆಲ್ಲರ ಧೈರ್ಯ ತಪ್ಪಾಗಿತ್ತು.

ಆದ್ದರಿಂದ ಈ ಲೇಖನದ ಮೊದಲ ಮಾತು ಇದು: ತಾಯಿಗೆ ಸಂಶಯ ಬಂದರೆ ಅದೇ ಸಾಕಷ್ಟು ಕಾರಣ. ತೋರಿಸಿ.

ಇದು ಅಪರೂಪದ ವಿಷಯವಲ್ಲ

ಮಿದುಳು ಬೆಳೆಯುವ ಕಾಲದಲ್ಲಿ ಕಾಣಿಸಿಕೊಳ್ಳುವ ತೊಂದರೆಗಳನ್ನು ನರವಿಕಾಸದ ತೊಂದರೆಗಳು ಎನ್ನುತ್ತಾರೆ. ಆಟಿಸಂ, ಎಡಿಎಚ್‌ಡಿ, ಬೌದ್ಧಿಕ ಬೆಳವಣಿಗೆಯ ಕೊರತೆ, ಮಾತು ಮತ್ತು ಭಾಷೆಯ ತೊಂದರೆ, ಕಲಿಕೆಯ ತೊಂದರೆ ಮುಂತಾದವು ಇದರಲ್ಲಿ ಸೇರುತ್ತವೆ. ಸೆರೆಬ್ರಲ್ ಪಾಲ್ಸಿ, ಅಪಸ್ಮಾರ, ಹುಟ್ಟಿನಿಂದ ಬಂದ ಕಿವುಡು ಮತ್ತು ದೃಷ್ಟಿದೋಷಗಳನ್ನೂ ಇವುಗಳ ಜೊತೆಯಲ್ಲೇ ನೋಡಬೇಕಾಗುತ್ತದೆ.

ನಮ್ಮ ದೇಶದ ಐದು ಕಡೆಗಳಲ್ಲಿ, ಅಂದರೆ ಹರಿಯಾಣದ ಪಲ್ವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಢೆಂಕನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ, 2ರಿಂದ 9 ವರ್ಷದೊಳಗಿನ ಸುಮಾರು 4,000 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಇಂಥ ಒಂಬತ್ತು ತೊಂದರೆಗಳಲ್ಲಿ ಕನಿಷ್ಠ ಒಂದು ಇರುವ ಮಕ್ಕಳ ಪ್ರಮಾಣ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಎಂದು ಅದು ಅಂದಾಜಿಸಿತು. ನಿಮ್ಮ ಊರಿನ ಮದ್ರಸದ ಒಂದು ತರಗತಿಯಲ್ಲಿ ಇಪ್ಪತ್ತನಾಲ್ಕು ಮಕ್ಕಳಿದ್ದರೆ ಲೆಕ್ಕ ಹಾಕಿ ನೋಡಿ. ಮತ್ತೊಂದು ಸಂಗತಿಯನ್ನೂ ಆ ಅಧ್ಯಯನ ಹೇಳಿತು. ತೊಂದರೆಯಿರುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ತೊಂದರೆಗಳು ಒಟ್ಟಿಗಿದ್ದವು. ಒಬ್ಬ ವೈದ್ಯರು ಸಾಲದು, ತಂಡ ಬೇಕು ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದೇ.

ಒಬ್ಬರು ಏಕೆ ಸಾಲದು?

ಮಾತು ಬಾರದ ಮಗುವನ್ನೇ ತೆಗೆದುಕೊಳ್ಳಿ. ಕಿವಿ ಕೇಳಿಸದಿರುವುದರಿಂದ ಮಾತು ಬಾರದಿರಬಹುದು. ಪೂರ್ತಿ ಕಿವುಡೇ ಇರಬೇಕೆಂದಿಲ್ಲ. ಬಾಗಿಲು ಬಡಿದ ಸದ್ದಿಗೆ ತಿರುಗುವ ಮಗುವಿಗೂ ಮಾತಿನ ಸೂಕ್ಷ್ಮ ಸ್ವರಗಳು ಕೇಳಿಸದಿರಬಹುದು. ಆಟಿಸಂ ಇರಬಹುದು. ಒಟ್ಟು ಬೌದ್ಧಿಕ ಬೆಳವಣಿಗೆಯೇ ನಿಧಾನವಾಗಿರಬಹುದು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದ್ದು ಯಾರೂ ಗಮನಿಸದೆ ಹೋಗಿರಬಹುದು. ಕಣ್ಣು ತೆರೆದುಕೊಂಡೇ ಕೆಲವು ಕ್ಷಣ ಶೂನ್ಯ ನೋಟ ಬೀರುವ ಅಪಸ್ಮಾರ ಇರಬಹುದು. ಅಥವಾ ಉಳಿದೆಲ್ಲವೂ ಸರಿಯಿದ್ದು ಭಾಷೆ ಮಾತ್ರ ತಡವಾಗಿರಬಹುದು. ಹೊರಗಿನಿಂದ ಇವೆಲ್ಲವೂ ಒಂದೇ ರೀತಿ ಕಾಣುತ್ತವೆ: ಮಗು ಮಾತಾಡುವುದಿಲ್ಲ. ಆದರೆ ಮಾಡಬೇಕಾದ ಕೆಲಸ ಒಂದೊಂದಕ್ಕೂ ಬೇರೆ.

ಇದನ್ನು ಬಿಡಿಸಿ ನೋಡಲು ಮಕ್ಕಳ ವೈದ್ಯರು ದೇಹವನ್ನು ಪರೀಕ್ಷಿಸಬೇಕು. ಶ್ರವಣ ತಜ್ಞರು ಕಿವಿಯನ್ನು ಯಂತ್ರದಿಂದ ಅಳೆಯಬೇಕು. ಚಪ್ಪಾಳೆ ತಟ್ಟಿ ನೋಡುವುದು ಪರೀಕ್ಷೆಯಲ್ಲ. ಮನಶ್ಶಾಸ್ತ್ರಜ್ಞರು ಮಗುವಿನ ಜೊತೆ ನೆಲದ ಮೇಲೆ ಕುಳಿತು ಆಟವಾಡಿ ಅದರ ಬುದ್ಧಿ, ಗಮನ, ಬೆರೆಯುವ ರೀತಿಯನ್ನು ನೋಡಬೇಕು. ವಾಕ್ ತಜ್ಞರು ಮಗುವಿಗೆ ಎಷ್ಟು ಅರ್ಥವಾಗುತ್ತದೆ, ಎಷ್ಟು ಹೇಳಲು ಬರುತ್ತದೆ ಎಂಬುದನ್ನು ಬೇರೆಬೇರೆಯಾಗಿ ತಿಳಿಯಬೇಕು. ಕೈಕಾಲು ಬಿಗಿ ಅಥವಾ ಸಡಿಲ ಇದ್ದರೆ ಫಿಸಿಯೋಥೆರಪಿಸ್ಟ್ ಬೇಕು. ಉಣ್ಣುವುದು, ಬಟ್ಟೆ ತೊಡುವುದು, ಸದ್ದಿಗೆ ಹೆದರುವುದು ಇಂಥವನ್ನು ಆಕ್ಯುಪೇಶನಲ್ ಥೆರಪಿಸ್ಟ್ ನೋಡುತ್ತಾರೆ. ಮನೆಯಲ್ಲಿ ಯಾರಿದ್ದಾರೆ, ದುಡಿಯುವವರು ಯಾರು, ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿ ತಿಳಿಯುವ ಸಮಾಜ ಕಾರ್ಯಕರ್ತರೂ ಅಷ್ಟೇ ಮುಖ್ಯ.

ಆದರೆ ಐದು ಕೊಠಡಿಗಳಿಗೆ ಹೋಗಿ ಐದು ಚೀಟಿ ತಂದರೆ ಅದು ತಂಡದ ಚಿಕಿತ್ಸೆಯಾಗುವುದಿಲ್ಲ. ನನ್ನ ತಂಗಿಗೆ ಮೊದಲ ಆರು ತಿಂಗಳು ಆದದ್ದು ಅದೇ. ಒಬ್ಬರು ದಿನಕ್ಕೆ ಒಂದು ಗಂಟೆ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಚಿತ್ರ ತೋರಿಸಿ ಎಂದರು. ಇನ್ನೊಬ್ಬರು ಕೂರಿಸಬೇಡಿ, ಓಡಾಡಿಸಿ ಎಂದರು. ಮತ್ತೊಬ್ಬರು ಮನೆಯಲ್ಲಿ ಒಂದೇ ಭಾಷೆ ಆಡಿ ಎಂದರು. ಎಲ್ಲ ಸೇರಿ ದಿನಕ್ಕೆ ಮೂರು ಗಂಟೆಯ ಮನೆಪಾಠ. ಅವಳಿಗೆ ಇನ್ನಿಬ್ಬರು ಮಕ್ಕಳಿದ್ದರು, ಹಾಸಿಗೆ ಹಿಡಿದ ಅತ್ತೆ ಇದ್ದರು. ಮೂರು ಗಂಟೆಯಲ್ಲಿ ಮೂರು ನಿಮಿಷವೂ ಆಗಲಿಲ್ಲ. ಪ್ರತಿ ಸಲ ಹೋದಾಗಲೂ "ಮನೆಯಲ್ಲಿ ಮಾಡಿಸುತ್ತಿಲ್ಲವಲ್ಲ" ಎಂಬ ಮಾತು ಕೇಳಿ ಅಳುತ್ತಾ ಬರುತ್ತಿದ್ದಳು.

ಮುಂದೆ ಬೇರೊಂದು ಕಡೆ ಎಲ್ಲ ತಜ್ಞರೂ ಒಂದೇ ಮೇಜಿನ ಸುತ್ತ ಕುಳಿತರು. ತಂಗಿಯನ್ನೂ ಅಲ್ಲೇ ಕೂರಿಸಿಕೊಂಡರು. ಅವರು ಮೊದಲು ಕೇಳಿದ್ದು, "ಈ ಮಗು ಏನು ಮಾಡಿದರೆ ನಿಮಗೆ ಮನೆಯಲ್ಲಿ ಸ್ವಲ್ಪ ಹಗುರಾಗುತ್ತದೆ?" ಅವಳು ಹೇಳಿದ್ದು, "ಬೇಕಾದದ್ದನ್ನು ಕಿರಿಚದೆ ಕೇಳಿದರೆ ಸಾಕು." ಅದೇ ಮೊದಲ ಮೂರು ತಿಂಗಳ ಗುರಿಯಾಯಿತು. ಊಟ, ಸ್ನಾನ, ಮಲಗುವ ಹೊತ್ತು, ಈ ಮೂರು ಸಮಯಗಳಲ್ಲಿ ಮಾತ್ರ ಮಾಡಬೇಕಾದ ಸಣ್ಣ ಕೆಲಸಗಳನ್ನು ಕೊಟ್ಟರು. ಲೋಟ ತೋರಿಸಿ ಕಾಯಬೇಕು. ಮಗು ನೋಡಿದರೆ ಅಥವಾ ಬೆರಳು ಮಾಡಿದರೆ ಕೂಡಲೇ ನೀರು ಕೊಟ್ಟು, ಆ ಪದವನ್ನು ಸ್ಪಷ್ಟವಾಗಿ ಹೇಳಬೇಕು. ಅಷ್ಟೇ. ಇದಕ್ಕಾಗಿ ಬೇರೆ ಗಂಟೆ ತೆಗೆದಿಡಬೇಕಿರಲಿಲ್ಲ. ತಂಡ ಎಂದರೆ ಇದು. ತಜ್ಞರ ಸಂಖ್ಯೆ ಎಷ್ಟೇ ಇರಲಿ, ಯೋಜನೆ ಒಂದೇ ಇರಬೇಕು, ಆ ಯೋಜನೆಯಲ್ಲಿ ತಾಯಿ ತಂದೆ ಸದಸ್ಯರಾಗಿರಬೇಕು.

ಇದು ನನ್ನ ಮನೆಯ ಅನುಭವ ಮಾತ್ರವಲ್ಲ. ನೆರೆಯ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ ಮಕ್ಕಳ ಕುಟುಂಬಗಳೊಂದಿಗೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ತಾಯಿ ತಂದೆಯರಿಗೆ ಮಗುವಿನ ಜೊತೆ ಒಡನಾಡುವ ರೀತಿಯನ್ನು ಕಲಿಸಿದರು. ಹೆತ್ತವರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿ ಸಂವಹನ ಆರಂಭಿಸುವುದು ಹೆಚ್ಚಾಯಿತು. ದೊಡ್ಡ ನಗರದ ದುಬಾರಿ ಕೇಂದ್ರ ಸಿಗದಿದ್ದರೆ ಎಲ್ಲವೂ ಮುಗಿಯಿತು ಎಂದು ಕುಳಿತುಕೊಳ್ಳುವವರಿಗೆ ಇದು ಧೈರ್ಯ ಕೊಡಬೇಕು.

ಯಾವ ಲಕ್ಷಣ ಕಂಡರೆ ಕಾಯಬಾರದು?

ಪ್ರತಿ ಮಗುವೂ ಒಂದೇ ದಿನಕ್ಕೆ ಎಲ್ಲವನ್ನೂ ಕಲಿಯುವುದಿಲ್ಲ, ನಿಜ. ಆದರೆ ಕೆಲವು ಗಡಿಗಳಿವೆ. ಅವನ್ನು ದಾಟಿದರೆ ತೋರಿಸಲೇಬೇಕು.

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ. ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ. ವರ್ಷ ತುಂಬಿದರೂ ತೊದಲು ನುಡಿಯದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಕೈಬೀಸಿ ಟಾಟಾ ಮಾಡದಿದ್ದರೆ, ಕರೆದರೆ ತಿರುಗದಿದ್ದರೆ. ಹದಿನಾರು ತಿಂಗಳಾದರೂ ಒಂದೂ ಪದ ಬಾರದಿದ್ದರೆ. ಎರಡು ವರ್ಷವಾದರೂ ಎರಡು ಪದ ಜೋಡಿಸಿ ತಾನಾಗಿ ಹೇಳದಿದ್ದರೆ. ಕೇಳಿದ್ದನ್ನು ಹಾಗೆಯೇ ಮರಳಿ ಹೇಳುವುದು ಇದರಲ್ಲಿ ಲೆಕ್ಕಕ್ಕಿಲ್ಲ. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ನಿಂತುಹೋದರೆ, ಬೆರೆಯುತ್ತಿದ್ದ ಮಗು ಬೆರೆಯುವುದನ್ನು ಬಿಟ್ಟರೆ ಒಂದು ವಾರವೂ ತಡಮಾಡಬೇಡಿ.

ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ತೀರಾ ಕಡಿಮೆಯಿದ್ದ, ಹುಟ್ಟಿದ ಕೂಡಲೇ ಅಳದ, ಕಾಮಾಲೆ ವಿಪರೀತವಾಗಿದ್ದ, ಎನ್‌ಐಸಿಯುವಿನಲ್ಲಿದ್ದ ಮಕ್ಕಳನ್ನು ಯಾವ ಲಕ್ಷಣ ಕಾಣದಿದ್ದರೂ ಮೊದಲ ಎರಡು ವರ್ಷ ನಿಯಮಿತವಾಗಿ ತೋರಿಸುತ್ತಿರಬೇಕು. ಎಲ್ಲ ನವಜಾತ ಶಿಶುಗಳಿಗೂ ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಖಚಿತಪಡಿಸುವುದು, ಆರು ತಿಂಗಳೊಳಗೆ ಚಿಕಿತ್ಸೆ ಶುರುಮಾಡುವುದು, ಇದು ಜಗತ್ತಿನಾದ್ಯಂತ ಒಪ್ಪಿರುವ ಕ್ರಮ. ಹೆರಿಗೆಯಾದ ಆಸ್ಪತ್ರೆಯಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಹೆಣ್ಣು ಮಕ್ಕಳ ಬಗ್ಗೆ ಒಂದು ಮಾತು. ಆಟಿಸಂ ಗಂಡು ಮಕ್ಕಳಲ್ಲಿ ಹೆಚ್ಚಾಗಿ ಗುರುತಿಸಲ್ಪಡುತ್ತದೆ. ಸುಮ್ಮನೆ ಮೂಲೆಯಲ್ಲಿ ಕುಳಿತು ಆಡುವ ಹುಡುಗಿಯನ್ನು ನಾವು "ಪಾಪದ ಮಗು, ನಾಚಿಕೆ ಸ್ವಭಾವ" ಎಂದು ಹೊಗಳಿಬಿಡುತ್ತೇವೆ. ಅವಳನ್ನೂ ಗಮನಿಸಿ.

ನಮ್ಮ ಮನೆಗಳ ಕೆಲವು ಪ್ರಶ್ನೆಗಳು

"ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಇದರಿಂದ ಮಗು ಗೊಂದಲಕ್ಕೊಳಗಾಗಿ ಮಾತಾಡುತ್ತಿಲ್ಲವೇ?" ಉರ್ದು ಮಾತಾಡುವ ಮನೆಯವರೂ, ನವಾಯತಿ ಮಾತಾಡುವ ಭಟ್ಕಳದ ಮನೆಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಉತ್ತರ: ಇಲ್ಲ. ಹಲವು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಮಾತಿನ ತೊಂದರೆಯೂ ಹುಟ್ಟುವುದಿಲ್ಲ. ತಾಯಿಗೆ ಸಲೀಸಾಗಿ ಬರುವ ಭಾಷೆಯೇ ಮಗುವಿಗೆ ಒಳ್ಳೆಯ ಭಾಷೆ. ಬಾರದ ಇಂಗ್ಲಿಷ್‌ನಲ್ಲಿ ಅರೆಬರೆ ಮಾತಾಡಿಸಿದರೆ ನಷ್ಟ ಮಗುವಿಗೇ. ಮನೆಮಾತು ಯಾವುದು ಎಂದು ತಂಡಕ್ಕೆ ತಿಳಿಸಿ, ಆ ಭಾಷೆಯಲ್ಲೇ ಪದಗಳನ್ನು ಆರಿಸಿಕೊಳ್ಳಿ.

"ಮೊಬೈಲ್‌ನಿಂದ ಹೀಗಾಯಿತೇ?" ಮೊಬೈಲ್ ಆಟಿಸಂ ಹುಟ್ಟಿಸುತ್ತದೆ ಎನ್ನಲಾಗದು. ಆದರೆ ಮಗು ಪರದೆ ನೋಡುವ ಪ್ರತಿ ಗಂಟೆಯೂ ಯಾರೊಡನೆಯೂ ಮಾತಾಡದ ಗಂಟೆ. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಉಣಿಸುವಾಗಲಾದರೂ ಅದನ್ನು ಬದಿಗಿಡಿ.

"ಲಸಿಕೆಯಿಂದ ಬಂತೇ?" ಅಲ್ಲ. ಈ ಭಯ ಹರಡಲು ಕಾರಣವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಲಸಿಕೆ ತಪ್ಪಿಸಿದರೆ ದಡಾರದಿಂದ ಮಿದುಳಿಗೆ ಹಾನಿಯಾಗುವ ಅಪಾಯವೇ ಹೆಚ್ಚು.

"ನನ್ನಿಂದ ಹೀಗಾಯಿತೇ?" ಇದನ್ನು ತಾಯಂದಿರು ಬಾಯಿಬಿಟ್ಟು ಕೇಳುವುದಿಲ್ಲ, ಮನಸ್ಸಿನಲ್ಲೇ ಕೊರಗುತ್ತಾರೆ. ಬಸುರಿಯಲ್ಲಿ ಏನೋ ತಿಂದದ್ದರಿಂದ, ಗ್ರಹಣದಲ್ಲಿ ಹೊರಗೆ ಹೋದದ್ದರಿಂದ, ಪ್ರೀತಿ ಕಡಿಮೆಯಾದದ್ದರಿಂದ ಮಗು ಹೀಗಾಗುವುದಿಲ್ಲ. ತಾಯಿಯ ತಣ್ಣನೆಯ ಸ್ವಭಾವವೇ ಆಟಿಸಂಗೆ ಕಾರಣ ಎಂದು ಕೆಲವು ವೈದ್ಯರೇ ಹೇಳುತ್ತಿದ್ದ ಕಾಲವೊಂದಿತ್ತು. ಅದು ತಪ್ಪೆಂದು ಬಹಳ ಹಿಂದೆಯೇ ಸಾಬೀತಾಗಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಕೆಲವು ಆನುವಂಶಿಕ ಕಾಯಿಲೆಗಳ, ಕಿವುಡಿನ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಅಂಥ ಕುಟುಂಬದವರು ಮುಂದಿನ ಮಗುವಿಗೆ ಮೊದಲು ಆನುವಂಶಿಕ ಸಲಹೆ ಪಡೆಯುವುದು ಒಳ್ಳೆಯದು. ಆದರೆ ಅದನ್ನು ಸೊಸೆಯ ಮೇಲೆ ಹೊರಿಸುವ ಅಸ್ತ್ರ ಮಾಡಿಕೊಳ್ಳಬಾರದು.

"ಕಣ್ಣು ಬಿದ್ದಿದೆ, ಜಿನ್ನ್ ಉಪದ್ರವ ಇರಬಹುದು" ಎನ್ನುವವರಿಗೆ ವಿನಯದಿಂದ ಒಂದು ಮಾತು. ಪ್ರಾರ್ಥಿಸಿ, ಓದಿ ಊದಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಟ್ಟಿದ್ದೇನೆ ಎನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಪ್ರಾರ್ಥನೆ ತಪಾಸಣೆಗೆ ಅಡ್ಡಿಯಲ್ಲ, ತಪಾಸಣೆ ಪ್ರಾರ್ಥನೆಗೆ ಅಡ್ಡಿಯಲ್ಲ. ಮಗುವಿಗೆ ಹೊಡೆದು, ಬರೆ ಎಳೆದು, ಹೊಗೆ ಹಾಕಿ "ಬಿಡಿಸುವ" ಯಾವನನ್ನೂ ಮನೆಯೊಳಗೆ ಬಿಡಬೇಡಿ. ತನಗೆ ನೋವಾಗುತ್ತಿದೆ ಎಂದು ಹೇಳಲೂ ಬಾರದ ಮಗು ಅದು.

ಇನ್ನೊಂದು ಕಡೆ, ಇಂಗ್ಲಿಷ್ ಬೋರ್ಡ್ ಹಾಕಿಕೊಂಡು ಪೂರ್ತಿ ಗುಣಪಡಿಸುತ್ತೇವೆ ಎನ್ನುವವರೂ ಇದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. ಆಟಿಸಂನಲ್ಲಿ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ತಿಳಿಸಿದೆ. ಚಿನ್ನ ಅಡವಿಟ್ಟು ಅಂಥಲ್ಲಿಗೆ ಹೋಗುವ ಮೊದಲು ನಿಮ್ಮ ತಂಡವನ್ನು ಕೇಳಿ.

ಎಲ್ಲಿಗೆ ಹೋಗಬೇಕು?

"ಬೆಂಗಳೂರಿಗೇ ಹೋಗಬೇಕೇ?" ಎಂಬುದು ಮೊದಲ ಪ್ರಶ್ನೆ. ಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ. ಸಂಚಾರಿ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ಸಂಶಯ ಕಂಡ ಮಗುವನ್ನು ಅವರು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಆಸ್ಪತ್ರೆಯಲ್ಲಿ "ಡಿಇಐಸಿ ಎಲ್ಲಿದೆ?" ಎಂದೇ ಕೇಳಿ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ವಾಕ್ ತಜ್ಞರು, ಮನಶ್ಶಾಸ್ತ್ರಜ್ಞರು, ಕಣ್ಣು ಪರೀಕ್ಷಕರು, ವಿಶೇಷ ಶಿಕ್ಷಕರು, ಸಮಾಜ ಕಾರ್ಯಕರ್ತರು ಒಂದೇ ಸೂರಿನಡಿ ಇರಬೇಕೆಂಬುದೇ ಆ ಕೇಂದ್ರದ ಉದ್ದೇಶ. ನಾನು ಮೇಲೆ ಹೇಳಿದ ತಂಡವೇ ಅದು.

ಎಲ್ಲ ಕೇಂದ್ರಗಳಲ್ಲೂ ಎಲ್ಲ ಹುದ್ದೆಗಳು ತುಂಬಿರುವುದಿಲ್ಲ. ಅದು ಸರಕಾರವನ್ನು ಕೇಳಬೇಕಾದ ವಿಷಯ, ಖಂಡಿತ ಕೇಳೋಣ. ಆದರೆ ಹೋಗಿ ಬಾಗಿಲು ತಟ್ಟುವ ಮಕ್ಕಳ ಸಂಖ್ಯೆ ಕಡಿಮೆಯಾದರೆ ಹುದ್ದೆ ತುಂಬಬೇಕೆಂಬ ಒತ್ತಡವೂ ಹುಟ್ಟುವುದಿಲ್ಲ. ನಮ್ಮ ಮಕ್ಕಳಲ್ಲಿ ಅನೇಕರು ಅಂಗನವಾಡಿಗೆ ಹೋಗದೆ ನೇರವಾಗಿ ಖಾಸಗಿ ನರ್ಸರಿಗೆ ಹೋಗುತ್ತಾರೆ. ಹಾಗಾಗಿ ಸಂಚಾರಿ ತಂಡದ ಕಣ್ಣಿಗೇ ಬೀಳುವುದಿಲ್ಲ. ಅಂಥವರು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ ತಾವೇ ಹೋಗಬೇಕು.

ಜಿಲ್ಲೆಯಲ್ಲಿ ತೀರ್ಮಾನವಾಗದಿದ್ದರೆ ಮುಂದಿನ ದಾರಿಯೂ ನಮ್ಮ ರಾಜ್ಯದಲ್ಲೇ ಇದೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ವರ್ತನೆ ಮತ್ತು ಬೆಳವಣಿಗೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಬೇರೆ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆಗಳಿವು. ಒಮ್ಮೆ ಹೋಗಿ ಪೂರ್ಣ ತಪಾಸಣೆ ಮಾಡಿಸಿ, ಮನೆಯಲ್ಲಿ ಮಾಡಬೇಕಾದುದನ್ನು ಕಲಿತು ಬಂದು, ಊರಿನ ಸಮೀಪದ ಥೆರಪಿಸ್ಟ್ ಬಳಿ ಮುಂದುವರಿಸಬಹುದು.

ಹೋಗುವಾಗ ಒಂದು ಕಡತ ಇರಲಿ. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಹಿಂದಿನ ವರದಿಗಳು, ಮನೆಯಲ್ಲಿ ಮಗು ಆಡುವಾಗ ತೆಗೆದ ಒಂದೆರಡು ನಿಮಿಷದ ವೀಡಿಯೊ. ಹೊಸ ಜಾಗದಲ್ಲಿ ಮಗು ಅಳುತ್ತಾ ಕುಳಿತರೂ ವೀಡಿಯೊ ನೋಡಿ ತಜ್ಞರಿಗೆ ಬಹಳ ತಿಳಿಯುತ್ತದೆ. ಬರುವ ಮೊದಲು ಈ ಮೂರು ಪ್ರಶ್ನೆ ಕೇಳಿ: ಮುಂದಿನ ಮೂರು ತಿಂಗಳ ಗುರಿ ಏನು? ಮನೆಯಲ್ಲಿ ನಾವು ಏನು ಮಾಡಬೇಕು? ಎಲ್ಲರ ಸಲಹೆಯನ್ನು ಒಟ್ಟುಗೂಡಿಸಿ ನಮಗೆ ಹೇಳುವವರು ಯಾರು? ಮೂರನೆಯ ಪ್ರಶ್ನೆಗೆ ಒಂದು ಹೆಸರು ಸಿಗದೆ ಎದ್ದು ಬರಬೇಡಿ.

ರೋಗದ ಹೆಸರು ಖಚಿತವಾಗುವವರೆಗೆ ಥೆರಪಿ ತಡೆಯಬೇಕೆಂದಿಲ್ಲ. ಮಾತು ತಡವಾಗಿದೆ ಎಂಬುದು ಗೊತ್ತಾದ ದಿನವೇ ಮಾತಿನ ಕೆಲಸ ಶುರುಮಾಡಬಹುದು. ಹಾಗೆಯೇ ಹೆಸರಿಗೆ ಹೆದರಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಆಟಿಸಂ, ಬೌದ್ಧಿಕ ಕೊರತೆ, ಕಲಿಕೆಯ ತೊಂದರೆ ಸೇರಿದಂತೆ 21 ಬಗೆಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ತೊಂದರೆಯ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಕೊರತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ನೆರವಿದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. "ಪ್ರಮಾಣಪತ್ರ ಮಾಡಿಸಿದರೆ ಅಕ್ಕನ ಮದುವೆಗೆ ತೊಂದರೆ" ಎಂದು ಮುಚ್ಚಿಡುವ ಮನೆಗಳು ನನಗೆ ಗೊತ್ತು. ಆ ಮುಚ್ಚಿಡುವಿಕೆಯ ಬೆಲೆಯನ್ನು ಮಗು ಜೀವನಪೂರ್ತಿ ತೆರುತ್ತದೆ.

ತಂಡದಲ್ಲಿ ಜಮಾಅತಿಗೂ ಜಾಗವಿದೆ

ನನ್ನ ಅಭಿಪ್ರಾಯದಲ್ಲಿ ಈ ತಂಡ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯಬಾರದು. ಮಗು ವಾರಕ್ಕೆ ಒಂದೆರಡು ಗಂಟೆ ಥೆರಪಿಯಲ್ಲಿರುತ್ತದೆ. ಉಳಿದ ಸಮಯವೆಲ್ಲ ನಮ್ಮ ನಡುವೆಯೇ.

ಮೊದಲು ತಂದೆ. ದೂರದಲ್ಲಿದ್ದು ಹಣ ಕಳುಹಿಸುವ ತಂದೆಯ ಕಷ್ಟ ದೊಡ್ಡದು. ಆದರೆ ತಂಡದೊಂದಿಗೆ ಮಾತುಕತೆಯ ದಿನ ವೀಡಿಯೊ ಕರೆಯಲ್ಲಾದರೂ ಹತ್ತು ನಿಮಿಷ ಕುಳಿತುಕೊಳ್ಳಿ. ವರದಿಯನ್ನು ನೀವೂ ಕೇಳಿಸಿಕೊಳ್ಳಿ. ಆಗ ತಾಯಿ ಒಬ್ಬಳೇ ಇಡೀ ಮನೆಗೆ ಉತ್ತರ ಕೊಡಬೇಕಾಗುವುದಿಲ್ಲ.

ಎರಡನೆಯದಾಗಿ ಮದ್ರಸ. ದಿನವೂ ಮಕ್ಕಳನ್ನು ನೋಡುವ ಉಸ್ತಾದರಿಗೆ ಯಾವ ಮಗು ಉಳಿದವರಂತಿಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ಕೂತಲ್ಲಿ ಕೂರದ, ಬಾಯಿಪಾಠ ಬಂದರೂ ಅಕ್ಷರ ಗುರುತಿಸದ, ಗದರಿದರೂ ಮುಖ ನೋಡದ ಮಗುವಿಗೆ ಬೆತ್ತ ಮದ್ದಲ್ಲ. ಮನೆಯವರನ್ನು ಕರೆದು, ಒಮ್ಮೆ ತೋರಿಸಿ ಎಂದು ಉಸ್ತಾದರು ಹೇಳಿದರೆ ನೂರು ಜನ ಹೇಳಿದ್ದಕ್ಕಿಂತ ಹೆಚ್ಚು ತೂಕವಿರುತ್ತದೆ.

ಮೂರನೆಯದಾಗಿ ಮಸೀದಿಯ ಆಡಳಿತ ಸಮಿತಿ. ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ, ಮದುವೆಗೆ ನಾವು ಕೈಬಿಚ್ಚಿ ನೆರವಾಗುತ್ತೇವೆ. ಆದರೆ ಥೆರಪಿಗೆ ನೆರವು ಕೇಳಿದರೆ ತಬ್ಬಿಬ್ಬಾಗುತ್ತೇವೆ, ಏಕೆಂದರೆ ಅದು ಒಂದೇ ಸಲದ ದೊಡ್ಡ ಬಿಲ್ ಅಲ್ಲ, ಮೂರು ನಾಲ್ಕು ವರ್ಷ ಪ್ರತಿ ವಾರ ಬರುವ ಸಣ್ಣ ಖರ್ಚು. ಬಡ ಕುಟುಂಬಗಳು ಥೆರಪಿ ಬಿಡುವುದು ಹೆಚ್ಚಾಗಿ ಬಸ್ಸಿನ ಹಣಕ್ಕೆ ಮತ್ತು ಕಳೆದುಹೋಗುವ ದಿನದ ಕೂಲಿಗೆ. ಊರಿನಲ್ಲಿ ಇಂಥ ನಾಲ್ಕು ಮಕ್ಕಳಿದ್ದರೆ ವಾರಕ್ಕೊಂದು ದಿನ ಒಂದು ವಾಹನ ಮಾಡಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದು ಒಂದು ಜಮಾಅತಿಗೆ ಅಸಾಧ್ಯವೇ? ಅರ್ಹ ಕುಟುಂಬಗಳಿಗೆ ಝಕಾತ್‌ನಿಂದ ಇದನ್ನು ಭರಿಸುವ ಬಗ್ಗೆ ನಿಮ್ಮ ಉಲಮಾಗಳನ್ನು ಕೇಳಿ ತೀರ್ಮಾನಿಸಿ.

ಕೊನೆಯದಾಗಿ ನಾವೆಲ್ಲರೂ. ಮದುವೆ ಮನೆಯಲ್ಲಿ ಕಿವಿ ಮುಚ್ಚಿಕೊಂಡು ಕಿರಿಚುವ ಮಗುವನ್ನು ನೋಡಿ, "ಎಂಥಾ ಹಠ, ತಾಯಿ ಸಲುಗೆ ಕೊಟ್ಟು ಕೆಡಿಸಿದ್ದಾಳೆ" ಎನ್ನಬೇಡಿ. ಮಸೀದಿಯಲ್ಲಿ ಸಾಲು ಬಿಟ್ಟು ಓಡುವ ಹುಡುಗನ ತಂದೆಗೆ ಹೊರಗೆ ಹೋಗಿ ಎನ್ನಬೇಡಿ. ಆ ತಾಯಿ ತಂದೆ ಮನೆಯಿಂದ ಹೊರಡಲು ಎಷ್ಟು ಧೈರ್ಯ ಒಟ್ಟುಮಾಡಿಕೊಂಡಿದ್ದಾರೆ ಎಂಬುದು ನಿಮಗೆ ತಿಳಿಯದು.

ನನ್ನ ತಂಗಿಯ ಮಗನಿಗೆ ಈಗ ಒಂಬತ್ತು ವರ್ಷ. ಅವನು ಉಳಿದ ಮಕ್ಕಳಂತೆ ಆಗಿಬಿಟ್ಟ ಎಂದು ಹೇಳಿ ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಉದ್ದ ವಾಕ್ಯ ಇನ್ನೂ ಕಷ್ಟ. ಜನಜಂಗುಳಿ ಆಗುವುದಿಲ್ಲ. ಆದರೆ ತಾನೇ ಸ್ನಾನ ಮಾಡುತ್ತಾನೆ, ಬೇಕಾದುದನ್ನು ಕೇಳುತ್ತಾನೆ, ಹೊಟ್ಟೆ ನೋವಾದರೆ ಎಲ್ಲಿ ಎಂದು ತೋರಿಸುತ್ತಾನೆ, ಹತ್ತಿರದ ಶಾಲೆಯಲ್ಲಿ ವಿಶೇಷ ಶಿಕ್ಷಕಿಯ ನೆರವಿನಿಂದ ಕಲಿಯುತ್ತಿದ್ದಾನೆ. ನಾನು ಹೋದರೆ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಹೆಸರು ಹೇಳಿ ಕರೆಯುತ್ತಾನೆ. ಎರಡು ವರ್ಷ ಮೊದಲೇ ಶುರುಮಾಡಿದ್ದರೆ ಇನ್ನೆಷ್ಟು ಆಗುತ್ತಿತ್ತೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಇದನ್ನು ಓದುತ್ತಿರುವಾಗ ನಿಮಗೆ ಯಾವುದಾದರೂ ಒಂದು ಮಗುವಿನ ಮುಖ ನೆನಪಾಗಿದ್ದರೆ, ಈ ಪುಟವನ್ನು ಆ ತಾಯಿಗೆ ಓದಲು ಕೊಡಿ. ಸಾಧ್ಯವಾದರೆ ತಪಾಸಣೆಯ ದಿನ ಅವಳ ಜೊತೆಗೆ ನೀವೂ ಹೋಗಿ.